ಸ್ಟಾಕ್‌ಹೋಮಿನಲ್ಲಿ ಒಂದು ಹೂಂ

ಹುನಗುಂದ, ಗುಡೂರು

ನಾನು ಸ್ಟಾಕ್‌ಹೋಮಿಗೆ ಹೋದದ್ದು ಇಳಕಲ್ಲಿನ ಒಂದು ಕಲ್ಲಿನ ದೆಸೆಯಿಂದ. ಹುನಗುಂದದ ಕೋರ್ಟಿನ ಎದುರು, ಚಹದಂಗಡಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ನನ್ನ ವಕೀಲಿ. ಹೊಲದ ಬದುವಿನ ಜಗಳ, ಗಂಡ ಹೆಂಡಿರ ಜಗಳ, ಬಸ್ಸಿಗೆ ಅಡ್ಡ ಬಂದ ಎಮ್ಮೆಯ ಜಗಳ, ಇಷ್ಟರಲ್ಲೇ ನನ್ನ ವರ್ಷಗಳು ಸುಖವಾಗಿ ಕಳೆಯುತ್ತಿದ್ದವು. ಒಂದು ಮಧ್ಯಾಹ್ನ ಇಳಕಲ್ಲಿನ ಕಲ್ಲಿನ ವ್ಯಾಪಾರಿ ಇಮಾಮಸಾಬರು ಬಂದರು. ಕೆಂಪು ಗ್ರಾನೈಟನ್ನು ಹಡಗಿಗೆ ಹಾಕಿ ಹೊರದೇಶಕ್ಕೆ ಕಳಿಸುವವರು. ಹೊಸ ಗಿರಾಕಿ ಕಳಿಸಿದ ಕರಾರನ್ನು ಮೇಜಿನ ಮೇಲೆ ಹರಡಿ ಕೊನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಕರಾರು ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಸ್ಟಾಕ್‌ಹೋಮಿನಲ್ಲಿ ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳಬೇಕು ಎಂದು ಅಲ್ಲಿ ಬರೆದಿತ್ತು.

"ಅಲ್ರೀ ವಕೀಲರ, ಕಲ್ಲು ನಮ್ಮದು, ಜಗಳಾನೂ ನಮ್ಮದು. ಆಡಾಕ ಅಷ್ಟು ದೂರ ಯಾಕ ಹೋಗಬೇಕ್ರಿ? ಇಲ್ಲೇ ಕಟ್ಟಿ ಮ್ಯಾಲ ಕುಂತು ಆಡಿದ್ರ ಆಗೂದಿಲ್ಲೇನು?"

"ನೋಡೂಣ್ರಿ" ಅಂದೆ. ನಮ್ಮ ಕಡೆ ನೋಡೂಣ್ರಿ ಅಂದರೆ ಆಗುವುದಿಲ್ಲ ಅಂತ ಅರ್ಥ. ಅವರೂ ಅರ್ಥ ಮಾಡಿಕೊಂಡು ಚಹ ಕುಡಿದು ಎದ್ದರು. ಆದರೆ ಆ ಸಾಲು ನನ್ನ ತಲೆಯಿಂದ ಏಳಲಿಲ್ಲ. ಜಗಳ ಆಡಲು ಜನ ಹುಡುಕಿಕೊಂಡು ಹೋಗುವ ಊರು ಹೇಗಿದ್ದೀತು ಎಂದು ಕೇಸು ನಡೆಯುವಾಗಲೂ ಕನಸು ಕಾಣತೊಡಗಿದೆ. ಮಧ್ಯಸ್ಥಿಕೆ ಮತ್ತು ವ್ಯಾಪಾರದ ಕಾನೂನು ಕಲಿಸುವ ಸ್ನಾತಕೋತ್ತರ ತರಗತಿ ಅಲ್ಲಿದೆಯೆಂದು ತಿಳಿದು ಅರ್ಜಿ ಹಾಕಿದೆ. ಸೀಟು ಸಿಕ್ಕಿಬಿಟ್ಟಿತು. ತಲೆಯಲ್ಲಿ ನರೆ ಇಣುಕುವ ವಯಸ್ಸಿನಲ್ಲಿ ನಾನು ಮತ್ತೆ ಚೀಲ ಹೆಗಲಿಗೇರಿಸಿದೆ.

ಹೊರಡುವ ಮುಂಚೆ ಗುಡೂರಿಗೆ ಹೋಗಿ ಆಯಿಯ ಕಾಲಿಗೆ ಬಿದ್ದೆ. ಆಯಿ ನನ್ನ ತಂದೆಯ ತಾಯಿ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಅವಳು ತಾನು ಹೊದೆಯುತ್ತಿದ್ದ ಕರಿಯ ಕಂಬಳಿಯನ್ನೇ ಮಡಚಿ ನನ್ನ ಕೈಗೆ ಕೊಟ್ಟಳು. ಆಮೇಲೆ, ಅಲ್ಲಿ ಚಳಿ ಎಷ್ಟು, ಊಟ ಏನು ಎಂದು ಕೇಳುವ ಬದಲು, ಇನ್ನೊಂದು ಕೇಳಿದಳು.

"ಆ ಊರಾಗ ಹೂಂ ಅನ್ನಾಕ ಯಾರರೆ ಅದಾರೇನ, ಮಾಳಿ?"

ನನ್ನ ಹೆಸರು ಮಾಳವ್ವ. ಅವಳ ಪ್ರಶ್ನೆಗೆ ಹಿನ್ನೆಲೆಯಿದೆ. ಚಿಕ್ಕವರಿದ್ದಾಗ ನಮಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಕಥೆ. ಒಬ್ಬ ಕುರುಬ ಸಾವಿರ ಕುರಿ ಹೊಡೆದುಕೊಂಡು ಪಟ್ಟದಕಲ್ಲಿನ ಹತ್ತಿರ ಮಲಪ್ರಭೆ ದಾಟಬೇಕು. ಆಚೆ ದಡದಲ್ಲಿ ಅವನ ಮಗಳ ಮದುವೆ. ಒಂದು ಕುರಿ ನೀರಿಗೆ ಇಳಿಯಿತು, ನಾವು ಹೂಂ ಅನ್ನಬೇಕು. ಆ ಕುರಿ ದಾಟಿತು, ಹೂಂ. ಇನ್ನೊಂದು ಇಳಿಯಿತು, ಹೂಂ. ಹೂಂ ನಿಂತರೆ ಕಥೆಯೂ ನಿಂತಿತು. "ಹೂಂ ಅನ್ರೆಲೇ, ಕುರಿ ನಡು ನೀರಾಗ ನಿಂತೈತಿ" ಎಂದು ಆಯಿ ತೊಡೆ ತಟ್ಟುತ್ತಿದ್ದಳು. ಆ ಕುರಿಯ ಮೇಲಿನ ಕರುಣೆಯಿಂದ ನಾವು ನಿದ್ದೆಗಣ್ಣಿನಲ್ಲೂ ಹೂಂ ಅನ್ನುತ್ತಿದ್ದೆವು. ಆ ಮದುವೆಯನ್ನು ಮಾತ್ರ ನಮ್ಮಲ್ಲಿ ಯಾರೂ ಈವರೆಗೆ ನೋಡಿಲ್ಲ.

ನೀರಿನ ಊರು

ಸ್ಟಾಕ್‌ಹೋಮಿನಲ್ಲಿ ಯಾವ ಬೀದಿ ಹಿಡಿದು ನಡೆದರೂ ಕೊನೆಗೆ ನೀರು ಸಿಗುತ್ತದೆ. ಬಾಗಲಕೋಟೆ ಕಂಡವರಿಗೆ ಇದು ಹೊಸದಲ್ಲ. ಅಲ್ಲಿಯ ಹಳೆಯ ಊರಿನ ಕೆಲವು ದಾರಿಗಳು ಇವತ್ತಿಗೂ ಸೀದಾ ಅಣೆಕಟ್ಟಿನ ಹಿನ್ನೀರಿನೊಳಗೆ ಇಳಿದು ಮಾಯವಾಗುತ್ತವೆ. ಅಲ್ಲಿ ನೀರಿನ ಕೆಳಗೆ ಯಾರದೋ ಅಂಗಳ, ಯಾರದೋ ಹೊಸ್ತಿಲು ಇರುತ್ತದೆ. ಇಲ್ಲಿಯೂ ದಡದಲ್ಲಿ ನಿಂತಾಗ, ಆ ತಣ್ಣನೆಯ ಬೂದು ನೀರಿನ ಕೆಳಗೆ ಇನ್ನೊಂದು ಸ್ಟಾಕ್‌ಹೋಮ್ ಇರಬಹುದು, ಅಲ್ಲಿಯ ಜನ ಜೋರಾಗಿ ಮಾತಾಡುತ್ತಿರಬಹುದು ಅನ್ನಿಸುತ್ತಿತ್ತು. ಯಾಕೆಂದರೆ ಮೇಲಿನವರು ಮಾತೇ ಆಡುತ್ತಿರಲಿಲ್ಲ.

ಹುನಗುಂದದಿಂದ ಇಳಕಲ್ಲಿಗೆ ಬಸ್ಸು ಹತ್ತಿದರೆ ಇಳಿಯುವುದರೊಳಗೆ ಪಕ್ಕದವರು ನಮ್ಮ ಊರು, ಕುಲ, ಮಕ್ಕಳು, ಮಕ್ಕಳಿಲ್ಲದಿದ್ದರೆ ಯಾಕಿಲ್ಲ, ಯಾವ ದವಾಖಾನಿ ಒಳ್ಳೆಯದು, ಎಲ್ಲ ಮುಗಿಸಿರುತ್ತಾರೆ. ಇಲ್ಲಿ ಬಸ್ಸಿನಲ್ಲಿ ಖಾಲಿ ಸೀಟು ಇದ್ದರೂ ಜನ ದೂರ ನಿಲ್ಲುತ್ತಾರೆ. ಚಳಿಗಾಲದಲ್ಲಿ ಮಧ್ಯಾಹ್ನದ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಕತ್ತಲೆ. ಆ ಕತ್ತಲೆಯಲ್ಲಿ ಮೌನವಾಗಿ ಹಿಮ ಬೀಳುವುದನ್ನು ನೋಡುತ್ತಾ ನಿಂತರೆ ನಾನು ಎದ್ದಿದ್ದೇನೋ ಮಲಗಿದ್ದೇನೋ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆಯೂ ಆಗುತ್ತಿತ್ತು, ಹಿತವಾಗಿಯೂ ಇರುತ್ತಿತ್ತು.

ಮೊದಲ ಪಾಠದಲ್ಲೇ ಎಡವಿದೆ. ಪ್ರೊಫೆಸರರು ಕರಾರಿನ ಬಗ್ಗೆ ಹೇಳುತ್ತಿದ್ದರು, ನಾನು ಮುಂದಿನ ಸಾಲಿನಲ್ಲಿ ಕುಳಿತು ಅಭ್ಯಾಸದಂತೆ ಹೂಂ, ಹೂಂ ಅನ್ನುತ್ತಿದ್ದೆ. ಅವರು ನಿಲ್ಲಿಸಿ, "ನಿಮಗೇನಾದರೂ ಕೇಳುವುದಿದೆಯೇ?" ಅಂದರು. ಇಲ್ಲ ಅಂದೆ. ಮತ್ತೆ ಶುರು ಮಾಡಿದರು. ಮತ್ತೆ ನನ್ನ ಹೂಂ. ಮತ್ತೆ ಅವರು ನಿಲ್ಲಿಸಿ, ನನಗೆ ಹುಷಾರಿದೆಯೇ ಎಂದು ವಿಚಾರಿಸಿದರು. ಅವತ್ತಿನಿಂದ ತುಟಿ ಮುಚ್ಚಿಕೊಂಡು ಗಂಟಲೊಳಗೇ ಹೂಂ ಅನ್ನುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ದಿನ ಬ್ರೆಡ್ಡಿನಂಗಡಿಗೆ ಹೋದೆ. ಕೌಂಟರಿನಲ್ಲಿ ಗುಂಗುರು ಕೂದಲಿನ ದಪ್ಪನೆಯ ಹೆಂಗಸು. "ಇದು ಇವತ್ತಿನದೇನಾ?" ಎಂದು ಕೇಳಿದೆ. ಆಕೆ ಕಣ್ಣರಳಿಸಿ, ಶ್ಶುಪ್ ಎಂದು ಜೋರಾಗಿ ಉಸಿರು ಒಳಗೆಳೆದುಕೊಂಡಳು. ಹಾವು ಕಂಡವರು ಹಾಗೆ ಮಾಡುತ್ತಾರೆ. ನಾನು ಗಾಬರಿಯಿಂದ ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಬಾದಾಮಿಯ ಗುಹೆಗಳ ಹತ್ತಿರ ಓಡಾಡಿದ ಅಭ್ಯಾಸ, ಕೋತಿ ಬಂತೇನೋ ಎಂದು ಚೀಲವನ್ನೂ ಎದೆಗೆ ಒತ್ತಿಕೊಂಡೆ. ಮತ್ತೆ ಕೇಳಿದೆ. ಮತ್ತೆ ಶ್ಶುಪ್. ಬ್ರೆಡ್ಡು ಬಿಟ್ಟು ಬರಿಗೈಯಲ್ಲಿ ಓಡಿಬಂದೆ.

ಐದನೆಯ ಮಹಡಿಯ ಅಡುಗೆಮನೆ

ಆ ಶ್ಶುಪ್‌ನ ಅರ್ಥ ಹೇಳಿದ್ದು ತಮಾರ್. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯವಳು, ಜಾರ್ಜಿಯಾ ದೇಶದ ದ್ರಾಕ್ಷಿ ಬೆಳೆಯುವ ಹಳ್ಳಿಯಿಂದ ಬಂದವಳು, ನನಗಿಂತ ಹತ್ತಾರು ವರ್ಷ ಚಿಕ್ಕವಳು. ಬಿದ್ದು ಬಿದ್ದು ನಕ್ಕಳು. "ಅದು ಹೌದು ಅಂತ. ಈ ದೇಶದ ಉತ್ತರದ ಕಡೆಯವರು ಹೌದು ಅನ್ನುವುದನ್ನು ಉಸಿರಿನಲ್ಲೇ ಮುಗಿಸುತ್ತಾರೆ. ಚಳಿಗೆ ಬಾಯಿ ತೆರೆಯಲು ಬೇಜಾರು."

ಮಹಡಿಗೆಲ್ಲ ಒಂದೇ ಆದ ನಮ್ಮ ಅಡುಗೆಮನೆಯಲ್ಲಿ ಹಲವು ದೇಶದವರಿದ್ದರು. ಎಲ್ಲರೂ ಕಾನೂನಿನವರು, ಎಲ್ಲರೂ ಮಧ್ಯಸ್ಥಿಕೆ ಕಲಿಯುವವರು, ಹಾಗಾಗಿ ಫ್ರಿಜ್ಜಿನ ಯಾವ ಖಾನೆ ಯಾರದು ಎಂಬ ಜಗಳ ಒಂದು ದಿನವೂ ಬಗೆಹರಿಯಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ ನಮ್ಮ ಹಿರಿಯರು. ಅವರು ಈ ಅಡುಗೆಮನೆ ನೋಡಿರಲಿಲ್ಲ.

ತಮಾರ್ ಚಳಿಗಾಲದ ಸಂಜೆಗಳಲ್ಲಿ ಅಕ್ರೋಟು ಒಡೆಯುತ್ತಾ ಕುಳಿತು ಮಾತಾಡುತ್ತಿದ್ದಳು. ನಾನು ರೊಟ್ಟಿ ತಟ್ಟುತ್ತಾ ಹೂಂ ಅನ್ನುತ್ತಿದ್ದೆ. ಮೊದಮೊದಲು ಅವಳಿಗೆ ಸಿಟ್ಟು. ಅವರ ಊಟದ ಪಂಕ್ತಿಯಲ್ಲಿ ಒಬ್ಬ ಹಿರಿಯ ಲೋಟ ಎತ್ತಿ ಮಾತಾಡತೊಡಗಿದರೆ ಉಳಿದವರು ಉಸಿರೂ ಬಿಡುವುದಿಲ್ಲವಂತೆ. "ನೀನು ನಡುನಡುವೆ ಗೊಣಗಿದರೆ ನಾನು ಹೇಗೆ ಹೇಳಲಿ?" ಅನ್ನುತ್ತಿದ್ದಳು. ದಿನ ಕಳೆದಂತೆ ಅದೇ ಹೂಂ ಬೇಕಾಗತೊಡಗಿತು. ನಾನು ರೊಟ್ಟಿ ತಿರುವಿಹಾಕುವ ಗಡಿಬಿಡಿಯಲ್ಲಿ ಮರೆತರೆ, ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

ಅವಳು ಹೇಳುತ್ತಿದ್ದದ್ದು ಬಹುಮಟ್ಟಿಗೆ ಒಂದೇ ವಿಷಯ. ನನ್ನದು ಒಂದೇ ವರ್ಷದ ಓದು, ಅವಳದು ಎರಡು ವರ್ಷದ್ದು. ಎರಡನೆಯ ವರ್ಷಕ್ಕೆ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಬೇಸಿಗೆಯ ಹೊತ್ತಿಗೆ ನಡೆಯುವ ಅಣಕು ವಾದದಲ್ಲಿ ಪಾಸಾಗಲೇಬೇಕು. ಇಲ್ಲದಿದ್ದರೆ ಊರಿಗೆ ವಾಪಸು. "ಒಂದು ಸಲ ವಾಪಸು ಹೋದವಳನ್ನು ನಮ್ಮವರು ಇನ್ನೊಂದು ಸಲ ಕಳಿಸುವುದಿಲ್ಲ. ದ್ರಾಕ್ಷಿ ತುಳಿಯುತ್ತಾ ಕೂಡಬೇಕು" ಅನ್ನುತ್ತಿದ್ದಳು. ವಾದ ಇಬ್ಬಿಬ್ಬರ ಜೋಡಿಯಲ್ಲಿ. ಅಂಕವೂ ಜೋಡಿಗೆ ಒಂದೇ. ಅವಳು ನನ್ನನ್ನು ಆರಿಸಿಕೊಂಡಳು. ಯಾಕೆಂದರೆ ನಾನು ನಿಜವಾದ ಕೋರ್ಟಿನಲ್ಲಿ ನಿಂತವಳು.

ವಾದದ ದಿನ

ಸಮಸ್ಯೆ ನೋಡಿ ನನಗೆ ನಗು ಬಂತು. ಕಲ್ಲು ಮಾರಿದವನು ಒಬ್ಬ, ಕೊಂಡವನು ಇನ್ನೊಬ್ಬ, ಬಂದ ಕಲ್ಲಿನ ಬಣ್ಣ ಮಾದರಿಯಂತಿಲ್ಲ ಎಂಬ ತಕರಾರು. ನಾನೂ ತಮಾರಳೂ ಮಾರಿದವನ ಕಡೆ. ನಮ್ಮ ವಾದವಿಷ್ಟೇ: ಕಲ್ಲು ಭೂಮಿಯಿಂದ ಬರುತ್ತದೆ, ಬಣ್ಣ ಏರುಪೇರಾಗುವುದು ಸಹಜ, ನಮ್ಮವನಿಗೆ ಅದು ಮೊದಲೇ ತಿಳಿದಿರಲು ಸಾಧ್ಯವಿರಲಿಲ್ಲ. ಮನಸ್ಸಿನಲ್ಲೇ ಇಮಾಮಸಾಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾದ ಮಂಡಿಸಿದೆ. ಚೆನ್ನಾಗಿ ಬಂತು. ತಮಾರ್ ಮೇಜಿನ ಕೆಳಗೆ ನನ್ನ ಕೈ ಅಮುಕಿದಳು.

ಎದುರು ಪಕ್ಷದಲ್ಲಿ ಚಿಲಿ ದೇಶದ ಡಿಯೆಗೊ. ಒಳ್ಳೆಯ ಹುಡುಗ, ನನ್ನ ಶೇಂಗಾ ಚಟ್ನಿಯ ಪರಮ ಭಕ್ತ. ಅವನು ಎದ್ದು ನಿಂತು ನಿಧಾನವಾಗಿ, ನನ್ನ ಕಡೆಗೇ ತಿರುಗಿ ಮಾತಾಡತೊಡಗಿದ. ಪಾಪ, ಸ್ವಲ್ಪ ತೊದಲುತ್ತಿದ್ದ. ನನ್ನ ಕಡೆ ನೋಡಿ ಮಾತಾಡುವವನಿಗೆ ಆಸರೆ ಕೊಡದೆ ಇರುವುದು ಹೇಗೆ? ಮಾರಿದವನು ಅನುಭವಿ ವ್ಯಾಪಾರಿ, ಅಂದ. ಹೂಂ. ಗಣಿಯ ಪ್ರತಿ ಪದರವನ್ನೂ ನೋಡಿದವನು. ಹೂಂ. ಹಾಗಾದರೆ ಬಣ್ಣ ಬದಲಾಗುವುದು ಅವನಿಗೆ ಮೊದಲೇ ಗೊತ್ತಿತ್ತು. ಹೂಂ.

ಡಿಯೆಗೊ ತಟಕ್ಕನೆ ಮಾತು ನಿಲ್ಲಿಸಿದ. ಗೋಡೆಯ ದೊಡ್ಡ ಪರದೆಯ ಕಡೆ ನೋಡಿದ. ಆ ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಯಂತ್ರವೊಂದು ಕೇಳಿ ಆಗಿಂದಾಗಲೇ ಬರೆಯುತ್ತಿತ್ತು. ಅವನ ಒಂದೊಂದು ವಾಕ್ಯದ ಕೆಳಗೂ ನನ್ನ ಹೆಸರು, ಹೆಸರಿನ ಮುಂದೆ ‘ಹೌದು’. ಮಾಳವ್ವ, ಹೌದು. ಮಾಳವ್ವ, ಹೌದು. ಅವನಿಗೇ ನಂಬಿಕೆಯಾಗಲಿಲ್ಲ. ತಗ್ಗಿದ ದನಿಯಲ್ಲಿ, "ಎದುರು ಪಕ್ಷದವರು ಒಪ್ಪಿಕೊಂಡಿದ್ದಾರೆ ಎಂದು ದಾಖಲಾಗಲಿ" ಅಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಮಾತೂ ಆಡಿರಲಿಲ್ಲ. ತಮಾರಳ ಕೈ ನನ್ನ ಕೈಯಿಂದ ಜಾರಿತು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆ ಕೋಣೆ, ಕಿಟಕಿಯಾಚೆಯ ನೀರು, ನೀರಿನ ಮೇಲಿನ ಬಿಳಿ ದೋಣಿ, ಎಲ್ಲವೂ ಕನಸಿನಲ್ಲಿ ಕಂಡಂತೆ ದೂರ ಸರಿದವು. ನಡು ನೀರಿನಲ್ಲಿ ನಿಂತ ಕುರಿ ನಾನೇ ಆಗಿದ್ದೆ.

ಮಧ್ಯಸ್ಥರ ಪೀಠದ ಅಧ್ಯಕ್ಷೆ ಉತ್ತರದ ಕಡೆಯ ವಯಸ್ಸಾದ ಹೆಂಗಸು, ಗಿಡ್ಡಗೆ ಕತ್ತರಿಸಿದ ಬೆಳ್ಳನೆಯ ಕೂದಲು, ಮಾತು ಕಡಿಮೆ. "ನಿಮ್ಮ ಉತ್ತರ?" ಎಂದು ನನ್ನನ್ನು ಕೇಳಿದರು. ಎದ್ದೆ. ಕಾನೂನಿನ ಯಾವ ಕಲಮೂ ನೆನಪಿಗೆ ಬರಲಿಲ್ಲ. ಬಂದದ್ದು ಆಯಿ ಒಬ್ಬಳೇ.

"ಪರದೆಯ ಮೇಲೆ ಬಂದದ್ದು ನಾನು ಅಂದದ್ದಲ್ಲ. ನಾನು ಅಂದದ್ದು ಹೂಂ. ನಮ್ಮ ಊರಲ್ಲಿ ಒಬ್ಬರು ಹೇಳುವಾಗ ಇನ್ನೊಬ್ಬರು ಹೂಂ ಅನ್ನದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಅದು ಒಪ್ಪಿಗೆಯಲ್ಲ. ನಾನಿದ್ದೇನೆ, ಕೇಳುತ್ತಿದ್ದೇನೆ, ಮುಂದೆ ಹೇಳಿ ಅಂತ. ನನ್ನ ಎದುರಾಳಿ ತೊದಲುತ್ತಿದ್ದ, ಅವನು ದಡ ಮುಟ್ಟಲಿ ಅಂತ ಅಂದೆ."

ಅಷ್ಟಕ್ಕೇ ಕೂಡಬೇಕಾಗಿತ್ತು. ಆದರೆ ಹುನಗುಂದದ ಕೋರ್ಟಿನ ನಾಲಿಗೆ, ಸುಮ್ಮನಿರುತ್ತದೆಯೇ?

"ಮಾನ್ಯ ಅಧ್ಯಕ್ಷರು ಮನ್ನಿಸಬೇಕು. ಬೆಳಗಿನಿಂದ ತಾವೂ ಉಸಿರೆಳೆದು ಹೌದು ಅನ್ನುತ್ತಲೇ ಇದ್ದೀರಿ. ನನ್ನ ವಾದಕ್ಕೂ ಅಂದಿರಿ, ಡಿಯೆಗೊನ ವಾದಕ್ಕೂ ಅಂದಿರಿ. ಯಂತ್ರಕ್ಕೆ ಅದು ಕೇಳಿಸಲಿಲ್ಲ ಅಷ್ಟೇ. ಅದೆಲ್ಲ ಒಪ್ಪಿಗೆಯಾದರೆ ನಾವಿಬ್ಬರೂ ಗೆದ್ದಿದ್ದೇವೆ."

ಅಧ್ಯಕ್ಷೆ ನನ್ನನ್ನು ನೋಡಿದರು. ಆಮೇಲೆ ಅವರಿಗೇ ತಿಳಿಯದಂತೆ, ಶ್ಶುಪ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷೆ ನಗಲಿಲ್ಲ. "ಈಗ ನಾನು ಅಂದದ್ದೂ ಒಪ್ಪಿಗೆಯಲ್ಲ, ಬರೆದುಕೊಳ್ಳಿ. ಈ ಪ್ರಶ್ನೆಯನ್ನು ನಾಳೆ ಫಲಿತಾಂಶದ ಜೊತೆ ತೀರ್ಮಾನಿಸುತ್ತೇವೆ" ಎಂದು ಎದ್ದರು.

ಹೊರಗೆ ಬಂದಮೇಲೆ ತಮಾರ್ ನೀರಿನ ಪಕ್ಕದ ದಾರಿಯಲ್ಲಿ ಮುಂದೆ ಮುಂದೆ ನಡೆದಳು. ನಾನು ಹಿಂದೆ ಹಿಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಂತು, ತಿರುಗಿ, ಬೇರೆಯದನ್ನೇ ಕೇಳಿದಳು.

"ಚಳಿಗಾಲವಿಡೀ ನಾನು ಹೇಳಿದ್ದಕ್ಕೆಲ್ಲ ನೀನು ಹೂಂ ಅಂದೆಯಲ್ಲ. ನಾನು ಇಲ್ಲೇ ಉಳಿಯಬೇಕು ಅಂದಾಗಲೂ ಅಂದೆ. ಅದೂ ಬರೀ ಕೇಳಿದ್ದೇನಾ? ನೀನು ಒಪ್ಪಿದ್ದೀಯ ಅಂದುಕೊಂಡೇ ನಾನು ಇಷ್ಟು ದಿನ ಓದಿದೆ."

ಕೋರ್ಟಿನಲ್ಲಿ ಯಾರೂ ನನ್ನನ್ನು ಇಷ್ಟು ಕಷ್ಟದ ಪ್ರಶ್ನೆ ಕೇಳಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಸೇಬು ಹಾಕಿ ಮೀನು ಬೇಯಿಸೋಣ ಅಂದೆಯಲ್ಲ, ಅದಕ್ಕೆ ಅಂದ ಹೂಂ ಬರೀ ಕೇಳಿದ್ದು. ಉಳಿಯಬೇಕು ಅಂದದ್ದಕ್ಕೆ ಅಂದ ಹೂಂ ಒಪ್ಪಿದ್ದು."

"ಎರಡೂ ಒಂದೇ ಥರ ಕೇಳಿಸಿದವು."

"ಹೌದು. ನಮ್ಮಲ್ಲಿ ಎರಡಕ್ಕೂ ಒಂದೇ."

ಅವಳು ನಗಲಿಲ್ಲ. ಆದರೆ ಆಮೇಲೆ ನನ್ನ ಪಕ್ಕದಲ್ಲಿ ನಡೆದಳು.

ಆ ಸಂಜೆ ಆಯಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಹೂಂ, ಹೂಂ ಎಂದು ಕೊನೆಯವರೆಗೂ ಕೇಳಿದಳು.

"ಖರೆ ಹೇಳ್ತೇನಿ ಮಾಳಿ, ನಂಗ ನಿನ್ನ ಕೋರ್ಟು ತಿಳಿಯಂಗಿಲ್ಲ. ಆ ಹುಡುಗಿ ಊಟ ಮಾಡ್ಯಾಳೇನ?"

"ಇಲ್ಲ ಆಯಿ."

"ಮತ್ತ ನನ್ನ ಕೂಡ ಏನ ಮಾತಾಡ್ತಿ? ಫೋನ ಇಟ್ಟು ಹೋಗಿ ಉಣಿಸು. ತುಳಸಿಗೇರಿ ಹಣಮಪ್ಪಗ ಕಾಯಿ ಒಡಸ್ತೇನಿ."

ದೋಣಿ

ಮರುದಿನ ಫಲಿತಾಂಶ ಬರುವವರೆಗೆ ಕೋಣೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆಂದು ಬೆಳಿಗ್ಗೆಯೇ ದ್ವೀಪಗಳ ಕಡೆ ಹೋಗುವ ದೋಣಿ ಹತ್ತಿದೆವು. ಬೇಸಿಗೆ ಬಂದಿತ್ತು. ಚಳಿಗಾಲದಲ್ಲಿ ಅಡಗಿಸಿಟ್ಟ ಬೆಳಕನ್ನೆಲ್ಲ ಯಾರೋ ಒಮ್ಮೆಗೇ ನೀರಿನ ಮೇಲೆ ಸುರುವಿದ್ದರು. ಸಣ್ಣ ಸಣ್ಣ ದ್ವೀಪಗಳು, ಒಂದೊಂದರ ಮೇಲೆ ಒಂದು ಕೆಂಪು ಮನೆ, ಮನೆಯ ಮುಂದೆ ಒಬ್ಬರೇ ಕುಳಿತು ನೀರು ನೋಡುವ ಜನ. ದೋಣಿಯಲ್ಲಿ ಮಾತಿಲ್ಲ, ಇಂಜಿನ್ನಿನ ಗುಂಯ್ ಎಂಬ ಸದ್ದು ಮಾತ್ರ. ಅದೂ ಹೂಂಗುಟ್ಟಿದಂತೆಯೇ ಕೇಳುತ್ತಿತ್ತು.

ಗಾಳಿ ತಣ್ಣಗಿತ್ತು. ತಮಾರಳಿಗೆ ಆಯಿಯ ಕಂಬಳಿ ಹೊದಿಸಿದೆ. "ಚುಚ್ಚುತ್ತದೆ" ಅಂದಳು, ಇನ್ನಷ್ಟು ಎಳೆದು ಹೊದ್ದುಕೊಂಡಳು. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಫೋನನ್ನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಕೊನೆಗೆ ಅದನ್ನು ನನ್ನ ಕೈಗೆ ಕೊಟ್ಟು, "ನೀನೇ ಇಟ್ಟುಕೊ. ಏನಾದರೂ ಹೇಳುತ್ತಿರು. ಯಾವಾಗಲೋ ಅಂದಿದ್ದೆಯಲ್ಲ, ನಿನ್ನ ಅಜ್ಜಿಯ ಕುರಿಯ ಕಥೆ, ಅದನ್ನು ಹೇಳು" ಅಂದಳು.

"ನೀನು ಹೂಂ ಅನ್ನಬೇಕಾಗುತ್ತದೆ."

"ಗೊತ್ತು. ಒಪ್ಪಿಗೆಯಲ್ಲ, ಬರೀ ಕೇಳುವುದು."

ಶುರು ಮಾಡಿದೆ. ಒಬ್ಬ ಕುರುಬ, ಸಾವಿರ ಕುರಿ, ಮಲಪ್ರಭೆ, ಆಚೆ ದಡದಲ್ಲಿ ಮಗಳ ಮದುವೆ. ಒಂದು ಕುರಿ ಇಳಿಯಿತು. ಹೂಂ, ಅಂದಳು ತಮಾರ್. ಅವಳ ಹೂಂ ಸ್ವಲ್ಪ ಬೇರೆ, ಕೊನೆಯಲ್ಲಿ ಅಕ್ರೋಟು ಒಡೆದಂತೆ ತುಂಡಾಗುತ್ತದೆ. ದಾಟಿತು. ಹೂಂ. ಇನ್ನೊಂದು ಇಳಿಯಿತು. ಹೂಂ. ದ್ವೀಪಗಳು ಒಂದೊಂದಾಗಿ ಹಿಂದೆ ಸರಿದವು. ಕುರಿಗಳು ಒಂದೊಂದಾಗಿ ದಾಟಿದವು. ಯಾವುದು ದ್ವೀಪ, ಯಾವುದು ಕುರಿ ಎಂದು ನನಗೂ ಅರೆಬರೆ ಮರೆತುಹೋಗುವಷ್ಟು ಹಿತವಾದ ಬಿಸಿಲು. ಅವಳ ಹೂಂ ತಡವಾಗತೊಡಗಿತು, ತೆಳ್ಳಗಾಯಿತು. ಇನ್ನೊಂದು ಕುರಿ ಇಳಿಯಿತು, ಅಂದೆ. ಉತ್ತರವಿಲ್ಲ. ತಲೆ ನನ್ನ ಹೆಗಲಿಗೆ ಬಂದಿತ್ತು.

ನಾನೂ ನಿಲ್ಲಿಸಿದೆ. ನಿಲ್ಲಿಸಲೇಬೇಕು, ಅದು ಕಥೆಯ ಕಾನೂನು.

ಆಗ ನನ್ನ ಕೈಯಲ್ಲಿದ್ದ ಅವಳ ಫೋನು, ಚೀಲದಲ್ಲಿದ್ದ ನನ್ನ ಫೋನು, ಎರಡೂ ಒಟ್ಟಿಗೇ ಗುಂಯ್ ಅಂದವು. ಅವಳದನ್ನು ಅವಳ ಮಡಿಲಿನ ಕಂಬಳಿಯ ಮೇಲೆ ಇಟ್ಟೆ. ನನ್ನದನ್ನು ತೆರೆದೆ. ಪೀಠದವರು ಎರಡೇ ಸಾಲು ಬರೆದಿದ್ದರು. ಕೇಳಿಸಿಕೊಂಡದ್ದನ್ನು ಒಪ್ಪಿಕೊಂಡದ್ದು ಎಂದು ತಿಳಿಯಲಾಗದು, ದಾಖಲೆಯಿಂದ ಆ ‘ಹೌದು’ಗಳನ್ನು ತೆಗೆಯಲಾಗಿದೆ. ಜೋಡಿ ತೇರ್ಗಡೆಯಾಗಿದೆ.

ನನ್ನ ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡುವುದೇನಿದೆ. ಎಬ್ಬಿಸಿ ಕೂಗಿ ಹೇಳಬೇಕು ಅನ್ನಿಸಿತು. ಹೆಗಲ ಮೇಲಿನ ತಲೆ ಎಷ್ಟು ನೆಮ್ಮದಿಯಿಂದ ಭಾರವಾಗಿತ್ತೆಂದರೆ, ಕೈ ಅಲುಗಿಸಲೂ ಆಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, ನನಗೇ ತಿಳಿಯದಂತೆ ಕನ್ನಡದಲ್ಲಿ ಅಂದೆ.

"ತಮಾರ್, ನೀ ಇಲ್ಲೇ ಇರ್ತಿ."

ಕಂಬಳಿಯೊಳಗಿಂದ, ಎಷ್ಟೋ ದೂರದಿಂದ ಬಂತು ದನಿ. "ಹೂಂ."

ಅದು ಕೇಳಿಸಿಕೊಂಡ ಹೂಂ ಆಗಿತ್ತೋ, ಒಪ್ಪಿದ ಹೂಂ ಆಗಿತ್ತೋ, ಬರೀ ನಿದ್ದೆಯದೋ, ಯಾವ ಪೀಠದ ಮುಂದೆಯೂ ನಾನು ವಾದಿಸಲಾರೆ. ನೀರಿನ ಕಡೆ ತಿರುಗಿ, ಮೆಲ್ಲಗೆ, ನಡುವಿನಲ್ಲಿ ನಿಂತಿದ್ದ ಆ ಕುರಿಯನ್ನು ದಾಟಿಸಿದೆ.